ಗೋಡೆಗಿಂತ ಮೊದಲು ಬಂದ ಬಾಗಿಲು

ಅವಳಿಗೆ ಗೋಡೆಯಿರಲಿಲ್ಲ. ಬಾಗಿಲಿತ್ತು.

ಬಾಗಿಲು ಎರಡು ತಗಡಿನ ಡ್ರಮ್ಮುಗಳ ಮೇಲೆ ಅಂಗಾತ ಮಲಗಿತ್ತು. ಅದರ ಮೇಲೆ ಹಳೆಯ ಕಂಬಳಿ, ಕಂಬಳಿಯ ಮೇಲೆ ಬಿಳಿ ಬಟ್ಟೆ, ಅದರ ಮೇಲೆ ಬೆಳಗಿನಿಂದ ಬೇರೆಯವರ ಶರ್ಟು, ಪ್ಯಾಂಟು, ಶಾಲೆಯ ಸಮವಸ್ತ್ರ. ಬಡಾವಣೆಯಲ್ಲಿ ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ಅವಳನ್ನು ಇಸ್ತ್ರಿ ಅಕ್ಕ ಎನ್ನುತ್ತಿದ್ದರು, ಅವಳಿಗಿಂತ ವಯಸ್ಸಾದವರೂ. ಬಾಗಿಲಿನ ಚಿಲಕ ಕೆಳಮುಖವಾಗಿತ್ತು. ಇಸ್ತ್ರಿ ಪೆಟ್ಟಿಗೆಯನ್ನು ಮುಂದಕ್ಕೆ ತಳ್ಳಿದಾಗೆಲ್ಲ ಬಲಮೊಣಕಾಲು ಅದಕ್ಕೆ ತಾಗಿ ತಾಗಿ ಅಲ್ಲೊಂದು ಕಂದು ಕಲೆ ನಿಂತುಬಿಟ್ಟಿತ್ತು. ಯಾರೂ ನೋಡದಾಗ ಅವಳು ಎಡಗೈಯನ್ನು ಕೆಳಗೆ ಬಿಟ್ಟು ಚಿಲಕ ಎಳೆಯುತ್ತಿದ್ದಳು, ತಳ್ಳುತ್ತಿದ್ದಳು. ಅದು ಹೋಗಿ ಕೂರಲು ತೂತಿರಲಿಲ್ಲ. ಗಾಳಿಯೊಳಕ್ಕೆ ಹೋಗಿ ಬರುತ್ತಿತ್ತು. ಟಕ್ ಎಂದು ಸಣ್ಣ ಸದ್ದು. ಗಿರಾಕಿ ಮಡಿಕೆ ಸರಿಯಿಲ್ಲವೆಂದು ತಕರಾರು ತೆಗೆದಾಗ, ಅಮ್ಮ ಒಳಗಿನಿಂದ ಬೈಯುವಾಗ, ತಮ್ಮನ ಹೆಂಡತಿ ನೆಲ ನೋಡುತ್ತ "ಅಕ್ಕಾ, ಅಮ್ಮನ್ನ ಕರ್ಕೊಂಡು ಸ್ವಲ್ಪ ಹೊರಗೆ ಹೋಗಿ ಬರ್ತೀರಾ" ಎಂದು ಕೇಳುವಾಗ, ಟಕ್.

ಮನೆ ಕೊಟ್ಟ ಸರ್ಕಾರದವರು ಅರ್ಧ ಮನೆ ಕೊಟ್ಟಿದ್ದರು. ಒಂದು ಕೋಣೆ, ಅಡುಗೆಗೊಂದು ಮೂಲೆ, ಬಚ್ಚಲು. ಅದರ ಪಕ್ಕಕ್ಕೆ ಅಷ್ಟೇ ಅಗಲದ ಇನ್ನೊಂದು ಜಾಗ: ಮೇಲೆ ತಾರಸಿ, ಕೆಳಗೆ ಸಿಮೆಂಟಿನ ನೆಲ, ಈ ಕಡೆ ಅವರ ಕೋಣೆಯ ಗೋಡೆ, ಆ ಕಡೆ ಪಕ್ಕದ ಮನೆಯವರ ಗೋಡೆ, ಮುಂದೂ ಹಿಂದೂ ಬಯಲು. ಕೈಗೆ ಕಾಸು ಬಂದ ಹಾಗೆ ನೀವೇ ಕಟ್ಟಿಕೊಳ್ಳಿ ಎಂದಿದ್ದರು. ಕೀಲಿಕೈ ಹಂಚಿದ ಅಧಿಕಾರಿ "ಅರ್ಧ ನಾವು ಕೊಟ್ಟಿದ್ದೀವಿ, ಇನ್ನರ್ಧ ನಿಮ್ಮದು" ಎಂದಾಗ ಅಲ್ಲಿ ನಿಂತಿದ್ದ ಒಬ್ಬೊಬ್ಬರೂ ಅದನ್ನು ತನಗೊಬ್ಬನಿಗೇ ಹೇಳಿದ ಮಾತೆಂದುಕೊಂಡಿರಬೇಕು. ಅವಳಂತೂ ಹಾಗೆಯೇ ಅಂದುಕೊಂಡಳು. ಆಮೇಲೆ ಇಡೀ ಬಡಾವಣೆ ಸಿಕ್ಕಿದ್ದನ್ನು ಸಿಕ್ಕಾಗ ತಂದಿಟ್ಟುಕೊಳ್ಳತೊಡಗಿತು. ಎದುರು ಮನೆಯವರು ಮಹಡಿಯಿಲ್ಲದೆ ಮೆಟ್ಟಿಲು ಕಟ್ಟಿಸಿದರು; ಅದು ಎಂಟು ಮೆಟ್ಟಿಲು ಹತ್ತಿ ಆಕಾಶಕ್ಕೆ ಮುಖ ಮಾಡಿ ನಿಂತಿತ್ತು, ಮೇಲಿನ ಮೆಟ್ಟಿಲಲ್ಲಿ ಮೆಣಸಿನಕಾಯಿ ಒಣಗುತ್ತಿತ್ತು, ಆ ಮನೆಯಾಕೆಗೆ ಮೆಟ್ಟಿಲಮ್ಮ ಎಂದೇ ಹೆಸರು ಬಿತ್ತು. ಮೂಲೆಯ ಮನೆಯವನು ಕಿಟಕಿಯ ಜಾಲರಿ ತಂದು ಕಂಬಕ್ಕೆ ಕಟ್ಟಿ ಅದರ ಮೇಲೆ ಹೀರೆಬಳ್ಳಿ ಹಬ್ಬಿಸಿದ. ಆದ್ದರಿಂದ ಅವಳು ಬಾಗಿಲು ತಂದದ್ದು ಅಲ್ಲಿ ಯಾರಿಗೂ ಹುಚ್ಚುತನವಾಗಿ ಕಾಣಲಿಲ್ಲ, ಅಮ್ಮನಿಗೊಬ್ಬಳಿಗೆ ಬಿಟ್ಟು. "ಬಟ್ಟೆ ಇಲ್ದೆ ಗುಂಡಿ ಕೊಂಡ ಹಾಗಾಯ್ತು," ಎಂದಿದ್ದಳು ಅಮ್ಮ.

ಇವತ್ತು ಬೆಳಿಗ್ಗೆ ತಮ್ಮ ಮೇಸ್ತ್ರಿಯನ್ನು ಕರೆದುಕೊಂಡು ಬಂದ. ಇಟ್ಟಿಗೆ ನಿನ್ನೆಯೇ ಬಂದು ಪಕ್ಕದ ಗೋಡೆಗೆ ಒರಗಿ ರಾಶಿಯಾಗಿ ಕೂತಿತ್ತು. ಮೇಸ್ತ್ರಿ ಇಸ್ತ್ರಿ ಶರ್ಟು ಹಾಕಿಕೊಂಡು ಕೆಲಸಕ್ಕೆ ಬರುವ ಮನುಷ್ಯ. ಬಂದ ಕೂಡಲೇ ಅದನ್ನು ಬಿಚ್ಚಿ ಮೊಳೆಗೆ ತೂಗುಹಾಕಿ, ತೂತು ಬಿದ್ದ ಬನಿಯನ್ನಿನಲ್ಲಿ ನಿಂತ. ಆ ಶರ್ಟಿಗೆ ಇಸ್ತ್ರಿ ಹಾಕಿದವಳೂ ಅವಳೇ. ಕಾಲಿನಿಂದ ನೆಲದ ಮೇಲೆ ಗೆರೆ ಎಳೆದು ತಮ್ಮ ತೋರಿಸುತ್ತಿದ್ದ. ಅವಳು ಶಾಲೆಯ ಮೇಷ್ಟರ ಬಿಳಿ ಶರ್ಟಿನ ಬೆನ್ನಿನ ಮೇಲೆ ಪೆಟ್ಟಿಗೆ ಓಡಿಸುತ್ತ ತಲೆಯೆತ್ತದೆ ಕೇಳಿಸಿಕೊಂಡಳು.

"ಇಲ್ಲಿಂದ ಇಲ್ಲಿಗೆ ಮುಂದಿನ ಗೋಡೆ. ಹಿಂದೆ ಒಂದು ಗೋಡೆ. ಮಧ್ಯೆ ಏನೂ ಬೇಡ ಮೇಸ್ತ್ರೀ. ಒಂದೇ ದೊಡ್ಡ ರೂಮು."

"ಬಾಗಿಲು?"

"ಬಾಗಿಲಿದೆಯಲ್ಲ. ಅಕ್ಕ ಇಸ್ತ್ರಿ ಮಾಡ್ತಿದ್ದಾಳಲ್ಲ, ಅದೇ. ಮುಂದಿನ ಗೋಡೆಗೆ ಕೂರಿಸಿ. ಒಳ್ಳೇ ಮರ. ಈಗ ಎಲ್ಲಿ ಸಿಗುತ್ತೆ ಅಂಥದ್ದು?"

ಮಧ್ಯೆ ಏನೂ ಬೇಡ. ನಡುವೆ ಒಂದು ಅಡ್ಡಗೋಡೆ, ಅದರ ಹಿಂದೆ ತನಗೊಂದಿಷ್ಟು ಜಾಗ ಎಂದು ಅವಳು ಕೇಳಿದಾಗಲೆಲ್ಲ ತಮ್ಮ "ಆಗ್ಲಿ ಅಕ್ಕ, ಕಟ್ಟೋ ಕಾಲ ಬರ್ಲಿ" ಎನ್ನುತ್ತಿದ್ದ. ಮದುವೆಗೆ ಮುಂಚೆ ಹೇಳಿದ್ದ, ಮದುವೆಯಾದ ಮೇಲೂ ಹೇಳಿದ್ದ, ಹೋದ ತಿಂಗಳೂ ಬಾಯಿಗೆ ಅನ್ನ ತುಂಬಿಕೊಂಡು ಹೇಳಿದ್ದ. ಕಟ್ಟೋ ಕಾಲ ಬಂದಿತ್ತು, ಇಟ್ಟಿಗೆಯಾಗಿ ಪಕ್ಕದ ಗೋಡೆಗೆ ಒರಗಿ ನಿಂತಿತ್ತು. ನೆಲದ ಮೇಲೆ ಇದ್ದಿಲಿನಿಂದ ಅವಳು ಎಳೆದ ಗೆರೆಯ ಮೇಲೆ ತಮ್ಮನ ಚಪ್ಪಲಿ ಇತ್ತು. ಅದನ್ನು ಅವನು ನೋಡಿಲ್ಲವೆಂದಲ್ಲ. ನೋಡಿ ನೋಡಿ ಅವನಿಗೆ ಅದು ನೆಲದ ಬಿರುಕಿನ ಹಾಗೆ ಆಗಿಹೋಗಿತ್ತು. ನೆಲ ತೊಳೆದಾಗ ಅಳಿಸುತ್ತಿತ್ತು, ಮರುದಿನ ಪೆಟ್ಟಿಗೆಗೆ ಕೆಂಡ ತುಂಬುವಾಗ ಒಂದು ತುಂಡು ಇದ್ದಿಲು ಉಳಿಸಿಕೊಂಡು ಮತ್ತೆ ಎಳೆಯುತ್ತಿದ್ದಳು. ಎಡಗೈ ಕೆಳಗಿಳಿಯಿತು. ಟಕ್. ಟಕ್. ಬಲಗೈ ನಿಂತದ್ದು ಅವಳಿಗೆ ತಿಳಿಯಲೇ ಇಲ್ಲ. ಮೊದಲು ತಿಳಿದದ್ದು ಮೇಸ್ತ್ರಿಯ ಮೂಗಿಗೆ.

"ಅಕ್ಕಾ, ಏನೋ ಹೊತ್ತಿದ ವಾಸನೆ."

ಪೆಟ್ಟಿಗೆ ಎತ್ತಿದಾಗ ಮೇಷ್ಟರ ಶರ್ಟಿನ ಬೆನ್ನಿನ ಮೇಲೆ ಕಂದು ಬಣ್ಣದ ದೋಣಿಯೊಂದು ಮೂತಿ ಮುಂದೆ ಮಾಡಿ ನಿಂತಿತ್ತು. ತಮ್ಮ ಬಂದು ನೋಡಿ ತುಟಿಯಲ್ಲಿ ಚ್ಚು ಚ್ಚು ಅಂದ. "ಗಮನ ಎಲ್ಲಿರುತ್ತೆ ಅಕ್ಕ ನಿಂಗೆ?" ಎಂದ, ಬಹಳ ಮೃದುವಾಗಿ. ಆ ಮೃದುತನ ಅವಳಿಗೆ ಸಹಿಸಲಾಗಲಿಲ್ಲ. ಅವನು ಕೆಟ್ಟವನಾಗಿದ್ದರೆ ಎಷ್ಟು ಸಲೀಸಾಗಿರುತ್ತಿತ್ತು.

ಬಟ್ಟೆ ಸುಟ್ಟದ್ದು ಇದು ಎರಡನೆಯ ಸಲ. ಮೊದಲ ಸಲ ಬಟ್ಟೆ ದಾಟಿ, ಕಂಬಳಿ ದಾಟಿ, ಬಾಗಿಲೇ ಸುಟ್ಟಿತ್ತು. ಅವಳು ಗಂಡನ ಮನೆ ಬಿಟ್ಟು ಬಂದ ಮೇಲೆ ಒಂದು ದಿನ ಗಂಡನ ಅಣ್ಣ ಬಂದು ಇದೇ ಬಯಲಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, "ಹೋಗ್ಲಿ ಬಿಡಮ್ಮ, ಸಂಸಾರ ಅಂದ್ಮೇಲೆ ಇದ್ದದ್ದೇ, ಬಂದ್ಬಿಡು" ಎಂದು ಅಮ್ಮನ ಕಡೆ ತಿರುಗಿ ಮಾತಾಡುತ್ತಿದ್ದ. ಗಂಡನ ಮನೆಯಲ್ಲಿ ಅವಳಿಗೆ ಕೋಣೆಯಿತ್ತು. ಕೋಣೆಗೆ ಬಾಗಿಲಿತ್ತು. ಚಿಲಕ ಹೊರಗಿತ್ತು. ಇದನ್ನು ಅವಳು ಯಾರಿಗೂ ಬಿಡಿಸಿ ಹೇಳಿರಲಿಲ್ಲ, ಹೇಳಿದರೆ ಅಮ್ಮ "ಅಷ್ಟೇನಾ?" ಎನ್ನುವಳೆಂದು ಗೊತ್ತಿತ್ತು. ಆ ಮನುಷ್ಯ ಎದ್ದು ಹೋಗುವಷ್ಟರಲ್ಲಿ ಹೊಗೆ ಬಂತು. ಬಾಗಿಲಿನ ಮೇಲೆ ಪೆಟ್ಟಿಗೆಯ ಅಚ್ಚು ಬಿತ್ತು. ಅವಳು ಅದನ್ನು ಬೆರಳಲ್ಲಿ ಸವರಿ, ಮೇಲೆ ಕಂಬಳಿ ಹೊದಿಸಿದ್ದಳು, ಮಗುವಿಗೆ ಹೊದಿಸಿದ ಹಾಗೆ.

ಅದು ಒಡೆದು ಹಾಕಿದ ಹಳೇ ಆಸ್ಪತ್ರೆಯ ಬಾಗಿಲು. ಕೆಳಭಾಗಕ್ಕೆ ಹಿತ್ತಾಳೆಯ ತಗಡು ಹೊಡೆದಿತ್ತು, ರೋಗಿಗಳ ಗಾಡಿ ಗುದ್ದಿ ಗುದ್ದಿ ಆ ತಗಡು ಚರ್ಮದ ಹಾಗೆ ಸುಕ್ಕಾಗಿತ್ತು. ಗುಜರಿಯವನು ಚೌಕಟ್ಟನ್ನೂ ಜೊತೆಗೆ ಕೊಟ್ಟ. ತಳ್ಳುಗಾಡಿಗೆ ಅಡ್ಡಡ್ಡ ಕಟ್ಟಿಕೊಂಡು ಊರಿನ ನಡುವೆ ತರುವಾಗ ಬಸ್ಸಿನ ಕಿಟಕಿಯಿಂದ ಒಬ್ಬ ಕೂಗಿದ್ದ: "ಏನಮ್ಮಾ, ಬಾಗಿಲು ಸಿಕ್ತು, ಮನೆ ಎಲ್ಲಿ ಬೀಳಿಸ್ಕೊಂಡೆ?" ಬಸ್ಸೆಲ್ಲ ನಕ್ಕಿತು. ಅವಳೂ ನಕ್ಕಳು. ಚಿಲಕ ಮಾತ್ರ ಆಸ್ಪತ್ರೆಯದಲ್ಲ, ಅದನ್ನು ಅವಳು ಹೊಸದಾಗಿ ಕೊಂಡು ಒಳಮುಖಕ್ಕೆ ಹಾಕಿಸಿದ್ದಳು. ಬಡಗಿ ಕೇಳಿದ್ದ, "ಹೊರಗೊಂದು ಬೇಡ್ವಾ? ಬೀಗ ಹಾಕೋಕೆ?" "ಬೇಡ." "ಕಳ್ಳರು?" "ಕಳ್ಳರು ಬರ್ಲಿ."

ಈಗ ತಮ್ಮ ಹೊರಡಲು ಗಾಡಿಯ ಕೀಲಿ ತೆಗೆದುಕೊಂಡ. ಅವನು ಅಂಗಡಿಗಳಿಗೆ ಸಾಮಾನು ಸಾಗಿಸುವ ಚಿಕ್ಕ ಗೂಡ್ಸ್ ಗಾಡಿ ಓಡಿಸುತ್ತಿದ್ದ. ಹೋಗುವಾಗ ಹೆಂಡತಿಯ ಕಡೆ ನೋಡಿದ. ಅವಳು ಒಳಗಿನ ಕೋಣೆಯ ಹೊಸ್ತಿಲಲ್ಲಿ ಒಂದು ಕೈಯಲ್ಲಿ ಗೋಡೆ, ಒಂದು ಕೈಯಲ್ಲಿ ಸೊಂಟ ಹಿಡಿದು ನಿಂತಿದ್ದಳು. ತುಂಬು ಬಸುರಿ. ಆ ನೋಟ ಒಂದು ಕ್ಷಣದ್ದು, ಅದರಲ್ಲಿ ಒಂದು ದೊಡ್ಡ ರೂಮು ಪೂರ್ತಿ ಕಟ್ಟಿ ಮುಗಿದಿತ್ತು, ಸುಣ್ಣವೂ ಬಳಿದಾಗಿತ್ತು. ಅವರಿಬ್ಬರೂ ಮದುವೆಯಾದಾಗಿನಿಂದ ಅಮ್ಮನ ಕೆಮ್ಮು ಮತ್ತು ಅಕ್ಕನ ಮಗ್ಗುಲು ಬದಲಿಸುವ ಸದ್ದಿನ ನಡುವೆ ಮಲಗಿದವರು. ಇದು ಅವಳಿಗೆ ಗೊತ್ತಿಲ್ಲವೆ? ಭಾನುವಾರ ಮಧ್ಯಾಹ್ನ ಅಮ್ಮನನ್ನು ಕರೆದುಕೊಂಡು ಮೆಟ್ಟಿಲಮ್ಮನ ಮೆಟ್ಟಿಲ ಮೇಲೆ ಬಿಸಿಲಿನಲ್ಲಿ ಕೂತು, ಇನ್ನೂ ಸ್ವಲ್ಪ ಹೊತ್ತು, ಇನ್ನೂ ಸ್ವಲ್ಪ ಹೊತ್ತು ಎಂದು ಅಮ್ಮನನ್ನು ತಡೆದು ಹಿಡಿದವಳು ಅವಳೇ ಅಲ್ಲವೆ. ಅಮ್ಮ ಬೇಕೆಂದೇ ಗಟ್ಟಿಯಾಗಿ, "ನಮ್ಮನ್ನ ಮನೆಯಿಂದ ಆಚೆ ಹಾಕಿ ಒಳಗೆ ಅದೇನು ಲೆಕ್ಕ ನೋಡ್ತಾರೋ" ಎನ್ನುವಳು. ಮೆಟ್ಟಿಲಮ್ಮ ಬಾಯಿಗೆ ಬಟ್ಟೆ ತುರುಕಿಕೊಂಡು ನಗುವಳು. ಅವಳಿಗೆ ನಗು ಬರುತ್ತಿರಲಿಲ್ಲ, ನಾಚಿಕೆಯೂ ಅಲ್ಲ. ಬಿಸಿಲು ಸುಡುತ್ತಿತ್ತು, ಅಷ್ಟೆ. ಹೊರಗೆ ಹೋಗಿ ಎಂದು ಕೇಳಬೇಕಾದವರ ಅವಮಾನ ದೊಡ್ಡದೋ ಹೊರಗೆ ಹೋಗಬೇಕಾದವರದೋ ಎಂದು ಅಳೆಯುತ್ತ ಕೂರುತ್ತಿದ್ದಳು. ಯಾವ ಸಲವೂ ಗೆದ್ದದ್ದು ಯಾರದೆಂದು ತಿಳಿಯುತ್ತಿರಲಿಲ್ಲ.

"ಸಾಯಂಕಾಲದೊಳಗೆ ಚೌಕಟ್ಟು ನಿಂತಿರ್ಲಿ ಮೇಸ್ತ್ರೀ. ಅದು ನಿಂತ ಮೇಲೆ ಗೋಡೆ ತಾನಾಗೇ ಬರುತ್ತೆ," ಎಂದು ಹೇಳಿ ತಮ್ಮ ಹೋದ.

ಈ ಮಾತು ಅವಳ ಕಿವಿಯಲ್ಲಿ ಉಳಿಯಿತು. ಚೌಕಟ್ಟು ಮೊದಲು, ಗೋಡೆ ಆಮೇಲೆ. ಅವಳಿಗೆ ಇದು ಇಷ್ಟು ದಿನ ಗೊತ್ತಿರಲಿಲ್ಲ. ಗೋಡೆ ಕಟ್ಟಿ, ಅದರಲ್ಲಿ ಜಾಗ ಬಿಟ್ಟು, ಆಮೇಲೆ ಬಾಗಿಲು ಇಡುತ್ತಾರೆ ಎಂದುಕೊಂಡಿದ್ದಳು. ಮೇಸ್ತ್ರಿ ಪ್ಲಾಸ್ಟಿಕ್ಕು ಸುತ್ತಿ ಮೂಲೆಯಲ್ಲಿಟ್ಟಿದ್ದ ಚೌಕಟ್ಟನ್ನು ಬಿಚ್ಚಿ, ಅದರ ಮೇಲೆ ಒಣಗಲು ಹಾಕಿದ್ದ ಟವೆಲ್ಲುಗಳನ್ನು ಒಂದೊಂದಾಗಿ ತೆಗೆದು ಅವಳ ಕೈಗೆ ಕೊಟ್ಟ.

"ಒಂದ್ಸಲ ನಿಲ್ಸಿದ್ರೆ ಆಮೇಲೆ ಸರಿಸೋಕಾಗುತ್ತಾ?" ಎಂದು ಕೇಳಿದಳು.

"ಕಾಂಕ್ರೀಟು ಹಿಡಿದ ಮೇಲಾ? ಒಡೀಬೇಕು. ಮರಾನೂ ಹಾಳು, ನೆಲಾನೂ ಹಾಳು."

ಅವಳು ಟವೆಲ್ಲುಗಳನ್ನು ಮಡಿಸಿ ಇಟ್ಟಳು. ಪೆಟ್ಟಿಗೆಯಿಂದ ಕೆಂಡ ಹೊರಗೆ ಸುರಿದು ನೀರು ಚಿಮುಕಿಸಿದಳು. ಇಸ್ತ್ರಿಯಾಗಬೇಕಿದ್ದ ಗಂಟುಗಳನ್ನು ಎತ್ತಿ ನೆಲಕ್ಕೆ ಹಾಸಿದ ಹಾಳೆಯ ಮೇಲೆ ಇಟ್ಟಳು. ಬಿಳಿ ಬಟ್ಟೆ ತೆಗೆದಳು, ಕಂಬಳಿ ತೆಗೆದಳು. ಬಾಗಿಲು ಬೆತ್ತಲಾಗಿ ಬಿದ್ದಿತ್ತು. ಆಮೇಲೆ ಇದ್ದಿಲು ತೆಗೆದುಕೊಂಡು ನೆಲಕ್ಕೆ ಕೂತು, ತಮ್ಮನ ಚಪ್ಪಲಿ ಒರೆಸಿದ್ದ ಕಡೆ ಗೆರೆಯನ್ನು ಮತ್ತೆ ಎಳೆದು ಮುಗಿಸಿದಳು.

"ಮೇಸ್ತ್ರೀ, ಚೌಕಟ್ಟು ಇಲ್ಲಿ."

ಮೇಸ್ತ್ರಿ ಗೆರೆ ನೋಡಿದ, ಅವಳನ್ನು ನೋಡಿದ. "ಇದು ಮಧ್ಯ ಅಲ್ವಾ? ನಿಮ್ಮ ತಮ್ಮ ಮಧ್ಯೆ ಏನೂ ಬೇಡ ಅಂದ್ರಲ್ಲ."

"ಮಧ್ಯ ಅಲ್ಲ. ಹಿಂದಿನ ಮೂರನೇ ಒಂದು ಪಾಲು. ಮುಂದಿಂದೆಲ್ಲ ಅವನಿಗೆ."

"ಆಮೇಲೆ ಬಂದು ನನ್ನ ಕುತ್ತಿಗೆ ಹಿಡಿದ್ರೆ?"

"ಇಟ್ಟಿಗೆ ಯಾರದು?"

"ಅವರದು."

"ಅದನ್ನ ಮುಟ್ಟಬೇಡಿ. ಬಾಗಿಲು ಯಾರದು?"

ಮೇಸ್ತ್ರಿ ತಲೆ ಕೆರೆದುಕೊಂಡ. "ನಿಮ್ಮದೇ. ಬಡಾವಣೆಗೆಲ್ಲ ಗೊತ್ತು."

"ಚೌಕಟ್ಟು?"

"ಅದೂ ನಿಮ್ಮದೇ."

"ನನ್ನದನ್ನ ನಾನು ಹೇಳಿದ ಕಡೆ ನಿಲ್ಸಿ. ಗೋಡೆ ಅವನದು. ಎಲ್ಲಿ ಬೇಕೋ ಕಟ್ಟಿಕೊಳ್ಳಲಿ."

"ಗೋಡೆ ಇಲ್ದೆ ಚೌಕಟ್ಟು ಒಂದನ್ನೇ ನಿಲ್ಸಿದ್ರೆ ಜನ ನನ್ನ ನೋಡಿ ನಗ್ತಾರಕ್ಕ."

"ನಿಮ್ಮನ್ನಲ್ಲ. ನನ್ನನ್ನ. ನನಗೆ ಅಭ್ಯಾಸ ಇದೆ."

ಮೇಸ್ತ್ರಿ ಬೀಡಿ ಹಚ್ಚಿದ. ಅವನು ಒಪ್ಪಿದ್ದು ಅವಳ ಮಾತಿನ ನ್ಯಾಯಕ್ಕಲ್ಲ. ಬಂದ ದಿನ ಏನಾದರೂ ಒಂದನ್ನು ನಿಲ್ಲಿಸದೆ ಹೋದರೆ ಕೂಲಿ ಕೇಳುವುದು ಹೇಗೆ ಎಂಬ ಯೋಚನೆಗೆ. ಬೀಡಿಯ ತುಂಡನ್ನು ಕಾಲಿನಡಿ ಹೊಸಕಿ ಉಳಿ ತೆಗೆದುಕೊಂಡ. "ಗೋಡೆ ಇಲ್ದಿದ್ರೂ ತೂಗುಗುಂಡು ಇಳಿಬಿಟ್ಟು ನೋಡ್ತೀನಿ," ಎಂದ. "ಸೊಟ್ಟಗೆ ನಿಲ್ಸೋನಲ್ಲ ನಾನು."

ಸಿಮೆಂಟಿನ ನೆಲ ಒಡೆಯುವ ಸದ್ದಿಗೆ ಅಮ್ಮ ಒಳಗಿನಿಂದ ಕೂಗಿದಳು, "ಎಲ್ಲಿ ಒಡೀತಿದ್ದಾರೆ?" ತಮ್ಮನ ಹೆಂಡತಿ ಹೊಸ್ತಿಲಿಂದ ನೋಡಿದಳು. ಉಳಿ ಬೀಳುತ್ತಿದ್ದ ಜಾಗ ನೋಡಿದ ಕೂಡಲೇ ಅವಳಿಗೆ ಎಲ್ಲ ತಿಳಿಯಿತು. ಸಣ್ಣ ಮನೆಯಲ್ಲಿ ಇರುವವರಿಗೆ ಅಂಗುಲದ ಭಾಷೆ ಬೇಗ ತಿಳಿಯುತ್ತದೆ.

"ಅಕ್ಕಾ, ಇದೇನು?"

"ಚೌಕಟ್ಟು."

"ಅವರು ಮುಂದೆ ಅಂದಿದ್ರು."

"ಅವನು ಅಂದ."

"ನಂಗೆ ಹೆರಿಗೆ ಹತ್ರ ಬಂತು ಅಕ್ಕ. ನಮ್ಮಮ್ಮ ಬರ್ತಾಳೆ, ತೊಟ್ಟಿಲಿಡಬೇಕು. ನಾನೇನು ಅರಮನೆ ಕೇಳಿದ್ನಾ?"

"ನಾನೂ ಕೇಳಿಲ್ಲ."

ತಮ್ಮನ ಹೆಂಡತಿ ಸೆರಗು ಎಳೆದುಕೊಂಡು ತಿರುಗಿದಳು. ಒಳಗೆ ಹೋದಳು. ಪಾತ್ರೆಯೊಂದು ಬಿದ್ದ ಸದ್ದು, ಬಿದ್ದದ್ದೋ ಎಸೆದದ್ದೋ. ಅಕ್ಕನಿಗೆ ಎದ್ದು ಒಳಗೆ ಹೋಗಬೇಕೆನಿಸಿದರೂ ಹೋಗಲಿಲ್ಲ, ಮೇಸ್ತ್ರಿಗೆ ನೀರು ತಂದುಕೊಟ್ಟಳು. ಆ ಹುಡುಗಿಗೆ ಹೇಳಬಹುದಾದದ್ದು ಬಹಳವಿತ್ತು. ಮುಂದಿನ ಎರಡು ಪಾಲು ಸಾಕಲ್ಲ, ತೊಟ್ಟಿಲಿಗೆ ಎಷ್ಟು ಜಾಗ ಬೇಕು ಎನ್ನಬಹುದಿತ್ತು. ಆದರೆ ಅಡ್ಡಗೋಡೆ ಬಂದರೆ ಆ ಕಡೆ ತಾನು ಇರುತ್ತೇನೆ, ತನ್ನ ಕಿವಿ ಇರುತ್ತದೆ, ಅವರಿಗೆ ಬೇಕಾದದ್ದು ಜಾಗವಲ್ಲ, ತಾನಿಲ್ಲದಿರುವುದು ಎಂಬುದೂ ಗೊತ್ತಿತ್ತು. ಅದು ತಪ್ಪೂ ಅಲ್ಲ. ಅವಳಿಗೆ ಬೇಕಾದದ್ದೂ ಅದೇ ತಾನೆ, ಅವರೆಲ್ಲ ಇಲ್ಲದಿರುವುದು.

ಮಧ್ಯಾಹ್ನ ಅಮ್ಮನಿಗೆ ಉಣ್ಣಲು ಕೊಟ್ಟಳು. ಅಮ್ಮ ಮಂಚದ ಮೇಲೆ ಕಾಲು ಚಾಚಿ ಕೂತಿದ್ದಳು. ಮಗಳು ಮಲಗುವುದು ಆ ಮಂಚದ ಪಕ್ಕ ನೆಲದ ಮೇಲೆ, ಕಾಲು ಅರ್ಧ ಮಂಚದ ಕೆಳಗೆ. ರಾತ್ರಿ ಎಚ್ಚರವಾದಾಗೆಲ್ಲ ಅಮ್ಮನ ಕೈ ಮಂಚದಿಂದ ಕೆಳಗಿಳಿದು, ಗಾಳಿಯಲ್ಲಿ ತಡಕಿ, ಅವಳ ತಲೆ ಸಿಕ್ಕಿದ ಮೇಲೆ ಸುಮ್ಮನಾಗುತ್ತಿತ್ತು. ಅದು ಪ್ರೀತಿಯೋ ಭಯವೋ, ವಸ್ತು ಇದ್ದ ಕಡೆ ಇದೆಯೇ ಎಂದು ನೋಡುವ ಅಭ್ಯಾಸವೋ ಅವಳಿಗೆ ಇಷ್ಟು ವರ್ಷವಾದರೂ ತಿಳಿದಿರಲಿಲ್ಲ. ಒಂದು ಮಾತು ಅವಳು ಯಾರಿಗೂ ಹೇಳಿರಲಿಲ್ಲ: ಇದ್ದಿಲ ಗೆರೆ ಎಳೆಯುವ ಮುಂಚೆ ಈ ಮಂಚವನ್ನು ಅಳೆದಿದ್ದಳು. ಅಳತೆಯ ಟೇಪಿರಲಿಲ್ಲ. ಕೈಯಲ್ಲಿ ಮೇಷ್ಟರ ಪ್ಯಾಂಟಿತ್ತು. ಮಂಚ ಪ್ಯಾಂಟಿನ ಎರಡು ಉದ್ದ ಬಂತು. ಗೆರೆಯಿಂದ ಹಿಂದಿನ ಅಂಚಿಗೆ ಎರಡು ಪ್ಯಾಂಟಿಗಿಂತ ಒಂದು ಗೇಣು ಕಡಿಮೆ ಇರುವಂತೆ ನೋಡಿಕೊಂಡಳು. ಅಡ್ಡ ಹಾಕಿದರೆ ಬಾಗಿಲು ತೆರೆಯಬಾರದು, ಉದ್ದ ಹಾಕಿದರೆ ಗೋಡೆ ಬಿಡಬಾರದು. ಅಮ್ಮನ ಮಂಚ ಬಾರದಷ್ಟು ಚಿಕ್ಕದಾದ ಕೋಣೆ. ತಮ್ಮ ಇನ್ನೂ ಸ್ವಲ್ಪ ಜಾಗ ತಗೋ ಎಂದರೂ ಅವಳು ಬೇಡವೆನ್ನುತ್ತಿದ್ದಳು. ಪ್ರತಿ ಸಲ ಗೆರೆ ಎಳೆಯುವಾಗ ಇದು ನೆನಪಾಗುತ್ತಿತ್ತು, ಆದರೆ ಗೆರೆಯನ್ನು ಒಂದು ಬೆರಳಷ್ಟೂ ಸರಿಸಲಿಲ್ಲ.

"ಒಳಗೆ ಏನ್ಮಾಡ್ತೀಯಾ?" ಎಂದಳು ಅಮ್ಮ, ತಟ್ಟೆಯಿಂದ ತಲೆಯೆತ್ತದೆ.

"ಎಲ್ಲಿ?"

"ನಿನ್ನ ರೂಮಿನೊಳಗೆ. ಚಿಲಕ ಹಾಕ್ಕೊಂಡು."

"ಏನೂ ಮಾಡಲ್ಲ."

"ಏನೂ ಮಾಡದೇ ಇರೋಕೆ ಒಂದು ರೂಮು ಬೇಕಾ ನಿಂಗೆ?"

"ಅದಕ್ಕೇ ಬೇಕು."

ಅಮ್ಮ ಅಗಿಯುವುದನ್ನು ನಿಲ್ಲಿಸಿದಳು. ಅವಳಿಗೆ ಎಂಬತ್ತಾಗುತ್ತ ಬಂದಿತ್ತು, ಹುಟ್ಟಿದಾಗಿನಿಂದ ಒಬ್ಬಳೇ ಒಂದು ಕೋಣೆಯಲ್ಲಿ ಮಲಗಿದ್ದು ಗೊತ್ತಿಲ್ಲದವಳು. "ರಾತ್ರಿ ನಂಗೇನಾದ್ರೂ ಆದ್ರೆ?"

"ಕೂಗು."

"ಕೂಗೋಕೂ ಆಗದ ಹಾಗೆ ಆದ್ರೆ?"

ಅವಳು ತಟ್ಟೆ ತೆಗೆದುಕೊಂಡು ತೊಳೆದಳು.

ಚೌಕಟ್ಟು ನಿಂತಿತು. ಎರಡು ಕಾಲು ನೆಲದ ಗುಂಡಿಗಳಲ್ಲಿ, ಗುಂಡಿಗಳಲ್ಲಿ ಹಸಿ ಕಾಂಕ್ರೀಟು. ತಲೆಯ ಮೇಲಿಂದ ಎರಡು ಮರದ ತುಂಡು ತಾರಸಿಗೆ ಒತ್ತಿ ಬಿಗಿದು, ಎರಡೂ ಬದಿಗೆ ಓರೆ ಊರುಗೋಲು ಕೊಟ್ಟು ಮೇಸ್ತ್ರಿ ಹಿಂದೆ ಸರಿದು ಒಂದು ಕಣ್ಣು ಮುಚ್ಚಿ ನೋಡಿದ. ಚೌಕಟ್ಟಿನ ಎಡಕ್ಕೆ ಬಯಲು, ಬಲಕ್ಕೆ ಬಯಲು. ಅದರೊಳಗಿಂದ ಹಿಂದಿನ ಬೀದಿಯ ನೀರಿನ ತೊಟ್ಟಿ, ಒಣಗಲು ಹಾಕಿದ ಬಟ್ಟೆ, ಒಂದು ಸೈಕಲ್ಲು ಕಾಣುತ್ತಿತ್ತು.

"ಎರಡು ದಿನ ಬಿಟ್ಟು ಬಾಗಿಲು ತೂಗೋಣ. ಇವತ್ತೇ ಭಾರ ಹಾಕಿದ್ರೆ ವಾಲುತ್ತೆ."

"ಇವತ್ತೇ."

"ಅಕ್ಕಾ, ಒಂದು ಬೆರಳಾದ್ರೂ ವಾಲುತ್ತೆ. ಜನ್ಮಪೂರ್ತಿ ಕಿರ್ ಅನ್ನುತ್ತೆ."

"ಅನ್ನಲಿ. ಎರಡು ದಿನ ಬಿಟ್ರೆ ಇವತ್ತು ರಾತ್ರಿನೇ ಕಿತ್ತು ಹಾಕಿರ್ತಾರೆ."

ಅಷ್ಟು ಹೊತ್ತಿಗೆ ಮೆಟ್ಟಿಲಮ್ಮ ಬಂದಿದ್ದಳು, ಅವಳ ಹಿಂದೆ ನಾಲ್ಕಾರು ಹೆಂಗಸರು, ಹೀರೆಬಳ್ಳಿಯವನು. ಬಾಗಿಲು ಎತ್ತಲು ಅವನೇ ಕೈ ಜೋಡಿಸಿದ. "ನಮ್ಮ ಮೆಟ್ಟಿಲಿಗೆ ಜೊತೆ ಸಿಕ್ತು ಬಿಡು," ಎಂದಳು ಮೆಟ್ಟಿಲಮ್ಮ. "ನಾವು ಹತ್ತೋಕೆ ಹೋಗ್ತೀವಿ, ಮಹಡಿ ಇಲ್ಲ. ನೀನು ತೆಗೆಯೋಕೆ ಹೋಗ್ತೀಯ, ಮನೆ ಇಲ್ಲ." ಎಲ್ಲರೂ ನಕ್ಕರು. ಬಾಗಿಲು ನೇರವಾಗಿ ಏಳುತ್ತಲೇ ಅವಳು ನಗುವುದನ್ನು ಮರೆತಳು. ವರ್ಷಗಟ್ಟಲೆ ಅದನ್ನು ಮೇಲಿನಿಂದ ನೋಡಿದ್ದಳು, ಸೊಂಟದೆತ್ತರದಿಂದ, ಬಗ್ಗಿ. ಈಗ ಅದು ಅವಳಿಗಿಂತ ಎತ್ತರವಾಗಿತ್ತು. ಸುಟ್ಟ ಅಚ್ಚು ಸರಿಯಾಗಿ ಅವಳ ಕಣ್ಣಿನ ಮಟ್ಟಕ್ಕೆ ಬಂದು ನಿಂತಿತು, ಮೂತಿ ಮೇಲೆ ಮಾಡಿ.

ಆಗಲೇ ಮೇಷ್ಟರು ಬಟ್ಟೆಗೆ ಬಂದರು. ಗಂಟುಗಳು ನೆಲದ ಮೇಲಿದ್ದವು, ಸಿಮೆಂಟಿನ ಧೂಳು ಎಲ್ಲದರ ಮೇಲೂ ತೆಳ್ಳಗೆ ಕೂತಿತ್ತು. ಅವಳು ಬಿಳಿ ಶರ್ಟನ್ನು ಮಡಿಸದೆ, ಬೆನ್ನು ಕಾಣುವಂತೆ ಕೊಟ್ಟಳು.

"ಸುಟ್ಟೆ ಸಾರ್."

"ಹೇಗೆ?"

"ಕೈ ನಿಂತುಬಿಡ್ತು."

"ಇಷ್ಟು ವರ್ಷದಿಂದ ಕೊಡ್ತಿದ್ದೀನಿ. ನಿಮ್ಮ ಮೇಲೆ ನಂಬಿಕೆ ಇತ್ತು." ಅವರು ಗಟ್ಟಿಯಾಗಿ ಮಾತಾಡುವವರಲ್ಲ. ಅದೇ ಕಷ್ಟ. "ಉಳಿದದ್ದು?"

"ಇಸ್ತ್ರಿಯಾಗಿಲ್ಲ. ಮೇಜು ಇಲ್ಲ." ಬಾಗಿಲಿನ ಕಡೆ ಕೈ ತೋರಿಸಿದಳು.

ಮೇಷ್ಟರು ಬಾಗಿಲನ್ನು ನೋಡಿದರು, ಅದರ ಎಡಬಲ ನೋಡಿದರು, ಪ್ರಶ್ನೆ ಕೇಳದೆ ತಮ್ಮ ಗಂಟು ಎತ್ತಿಕೊಂಡು ಹೋದರು. ಹಿಂದೆಯೇ ಕಾವಲುಗಾರನ ಹೆಂಡತಿಯೂ ತನ್ನ ಮನೆಯವನ ಸಮವಸ್ತ್ರ ಹುಡುಕಿ ತೆಗೆದುಕೊಂಡಳು, "ಬೇಜಾರು ಮಾಡ್ಕೋಬೇಡ, ಅವರಿಗೆ ನಾಳೆ ಡ್ಯೂಟಿ" ಎಂದು. ಆಸ್ಪತ್ರೆಯ ಬಾಗಿಲು ಮೇಜಾಗಿ ಅವಳಿಗೆ ಅನ್ನ ಹಾಕುತ್ತಿತ್ತೆಂಬುದು, ಅದು ಎದ್ದು ನಿಂತ ಮೇಲೆ ತಾನು ಯಾವುದರ ಮೇಲೆ ಇಸ್ತ್ರಿ ಮಾಡಲಿ ಎಂಬುದು, ಇಷ್ಟು ವರ್ಷ ಅದೇ ಬಾಗಿಲಿನ ಮೇಲೆ ಕೈಯೂರಿ ಬದುಕಿದವಳಿಗೆ ಒಂದು ಸಲವೂ ಹೊಳೆದಿರಲಿಲ್ಲ. ಈಗ ಹೊಳೆಯಿತು. ಹೊಳೆದ ಮೇಲೂ ಅವಳು ಮೇಸ್ತ್ರಿಗೆ ತಿರುಪು ತಿರುಗಿಸುವುದನ್ನು ನಿಲ್ಲಿಸಲು ಹೇಳಲಿಲ್ಲ. ಕೊನೆಯ ತಿರುಪು ಕೂತಾಗ ಚೌಕಟ್ಟು ಸಣ್ಣಗೆ ನರಳಿ ಬೆರಳಷ್ಟು ವಾಲಿತು. ಮೇಸ್ತ್ರಿ "ನಾನು ಹೇಳಿದ್ದೆ" ಎಂದು, ಕೈ ತೊಳೆದು, ಇಸ್ತ್ರಿ ಶರ್ಟು ಹಾಕಿಕೊಂಡು, ತಮ್ಮ ಬರುವ ಮುಂಚೆ ಜಾಗ ಖಾಲಿ ಮಾಡಿದ.

ನೋಡಲು ಬಂದವರು ಚದುರಿದರು. ತಮ್ಮನ ಹೆಂಡತಿ ಮತ್ತೆ ಹೊರಗೆ ಬಂದಳು. ಮುಖ ತೊಳೆದಿದ್ದಳು, ಕಣ್ಣು ಊದಿತ್ತು. ಬಾಗಿಲಿನ ಹತ್ತಿರ ಬಂದು ಹಿತ್ತಾಳೆಯ ತಗಡನ್ನು ಕಾಲ ಬೆರಳಿನಿಂದ ಮುಟ್ಟಿದಳು. ತೀರಾ ಸಣ್ಣ ದನಿಯಲ್ಲಿ, "ನಾನೂ ಒಂದ್ಸಲ ಒಳಗೆ ಬರ್ಲಾ ಅಕ್ಕ? ಸುಮ್ನೆ ಕೂತ್ಕೊಂಡು ಹೋಗ್ತೀನಿ," ಎಂದಳು.

ಅವಳು ಆ ಹುಡುಗಿಯ ಹೊಟ್ಟೆ ನೋಡಿದಳು, ಊದಿದ ಪಾದ ನೋಡಿದಳು. ಬಾ ಎನ್ನುವ ಮಾತು ನಾಲಿಗೆಯ ಮೇಲೆ ಬಂದು ಕೂತಿತ್ತು. ಇವತ್ತು ಬಾ ಎಂದರೆ ನಾಳೆ ತೊಟ್ಟಿಲು ಬರುತ್ತದೆ, ನಾಡಿದ್ದು ತೊಟ್ಟಿಲ ಹಿಂದೆ ಎಲ್ಲರೂ. ಹೀಗೆಲ್ಲ ಲೆಕ್ಕ ಹಾಕುವುದು ನೀಚತನವೆಂದೂ ಗೊತ್ತಿತ್ತು.

"ಇಲ್ಲ," ಎಂದಳು.

ಒಳಗೆ ಹೋಗಿ ಬಾಗಿಲು ಮುಚ್ಚಿದಳು. ಕಿರ್ ಎಂದಿತು. ಚಿಲಕ ತಳ್ಳಿದಳು. ಚೌಕಟ್ಟು ವಾಲಿದ್ದರಿಂದ ಅದರಲ್ಲಿ ಮೇಸ್ತ್ರಿ ಕೊರೆದ ತೂತು ಸರಿಯಾಗಿ ಎದುರಿಗೆ ಬರಲಿಲ್ಲ. ಬಾಗಿಲನ್ನು ಮೊಣಕಾಲಿನಿಂದ, ಆ ಕಂದು ಕಲೆಯ ಮೊಣಕಾಲಿನಿಂದಲೇ, ಎತ್ತಿ ಒತ್ತಿದ ಮೇಲೆ ಕೂತಿತು. ಟಕ್. ಅದು ಬೇರೆ ಸದ್ದು. ಮರ ತುಂಬಿದ ಸದ್ದು. ಕಂಬಳಿ ಹಾಸಿ ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. ಎದುರಿಗೆ ಬಯಲು, ಎಡಕ್ಕೆ ಬಲಕ್ಕೆ ಒಂದೊಂದು ಆಳು ದಾಟುವಷ್ಟು ಬಯಲು. ಹಿಂದಿನ ಬೀದಿಯಲ್ಲಿ ನೀರು ಹಿಡಿಯುತ್ತಿದ್ದವರಿಗೆ ಅವಳು ಪೂರ್ತಿಯಾಗಿ ಕಾಣುತ್ತಿದ್ದಳು. ಒಬ್ಬಾಕೆ ಕೊಡ ಕೆಳಗಿಟ್ಟು ನೋಡಿಯೇ ನೋಡಿದಳು. ನೋಡಲಿ. ಕಾಲು ಚಾಚಿದಳು. ಯಾವ ಮಂಚದ ಕೆಳಗೂ ಹೋಗದೆ ಕಾಲು ಎಷ್ಟು ಉದ್ದವಿದೆ ಎಂದು ಆಶ್ಚರ್ಯವಾಯಿತು.

ಗಾಡಿಯ ಸದ್ದು ಕೇಳಿಸಿತು. ಆಮೇಲೆ ತಮ್ಮನ ಹೆಂಡತಿಯ ಅಳು, ಅಮ್ಮನ ದನಿ, ಎರಡರ ಮೇಲೆ ತಮ್ಮನ ದನಿ. "ಯಾರನ್ನ ಕೇಳಿ? ಯಾರನ್ನ ಕೇಳಿ ನಿಲ್ಸಿದ್ಲು? ಇವತ್ತೇ ಕಿತ್ತು ಬಿಸಾಕ್ತೀನಿ ನೋಡ್ತಿರಿ!" ಚಪ್ಪಲಿಯ ಹೆಜ್ಜೆ ಇಟ್ಟಿಗೆಯ ರಾಶಿ ದಾಟಿ ಬಂತು. ಅವಳ ಬೆನ್ನಿನ ಹಿಂದೆ ಬಂದು ನಿಂತಿತು. ಎಡಕ್ಕೆ ನಾಲ್ಕು ಹೆಜ್ಜೆ ಹಾಕಿದ್ದರೆ ಸಾಕಿತ್ತು, ಅವನು ಅವಳ ಎದುರಿಗಿರುತ್ತಿದ್ದ. ಅವಳು ಎಡಕ್ಕೆ ನೋಡುತ್ತ ಕೂತಳು, ಅವನ ಕಾಲು ಅಲ್ಲಿ ಕಾಣಿಸಿಕೊಳ್ಳುವುದನ್ನು ಕಾಯುತ್ತ. ಕೈಯಲ್ಲಿ ಇಸ್ತ್ರಿ ಪೆಟ್ಟಿಗೆಯಿತ್ತು, ಅದನ್ನು ಯಾವಾಗ ಎತ್ತಿಕೊಂಡಳೋ. ಬಾಗಿಲಿನ ಆಚೆ ಅವನ ಉಸಿರು ಕೇಳಿಸುತ್ತಿತ್ತು. ಅವನು ಚಿಕ್ಕವನಿದ್ದಾಗ ಬಚ್ಚಲಿನ ಪರದೆಯ ಆಚೆ ನಿಂತು "ಅಕ್ಕಾ, ಆಯ್ತಾ? ಅಕ್ಕಾ, ಬರ್ಲಾ?" ಎಂದು ಕೂಗುತ್ತಿದ್ದ, ಪರದೆ ಎತ್ತುತ್ತಿರಲಿಲ್ಲ.

ಬಾಗಿಲು ಬಡಿದ ಸದ್ದಾಯಿತು. ಒಂದು ಸಲ, ಮುಷ್ಟಿಯಿಂದ. ಆಮೇಲೆ ಬೆರಳ ಗೆಣ್ಣಿನಿಂದ, ಎರಡು ಸಲ.

"ಯಾರು?" ಎಂದಳು.

"ನಾನು."

"ಏನು?"

"ಬಾಗಿಲು ತೆಗಿ ಅಕ್ಕ."

"ಯಾಕೆ?"

"ಅಮ್ಮ ಕರೀತಿದ್ದಾಳೆ."

"ಆಮೇಲೆ ಬರ್ತಾಳಂತೆ ಅಂತ ಹೇಳು."

ಅವನು ಇನ್ನೂ ಸ್ವಲ್ಪ ಹೊತ್ತು ನಿಂತಿದ್ದ. ಎಡಕ್ಕೂ ಬರಲಿಲ್ಲ, ಬಲಕ್ಕೂ ಬರಲಿಲ್ಲ. ಆಮೇಲೆ ಚಪ್ಪಲಿಯ ಸದ್ದು ಇಟ್ಟಿಗೆಯ ರಾಶಿಯ ಕಡೆ ಹಿಂದಿರುಗಿತು. ಅವಳು ಪೆಟ್ಟಿಗೆಯನ್ನು ನೆಲಕ್ಕಿಟ್ಟಳು. ಏನೂ ಮಾಡದೆ ಕೂತಳು.

ಹೋದದ್ದು ಇಷ್ಟು: ಮೇಷ್ಟರ ಒಂದು ಬಿಳಿ ಶರ್ಟು. ಇಸ್ತ್ರಿಯ ಮೇಜು. ಎರಡು ಮನೆಯ ಬಟ್ಟೆ. ಬಾಗಿಲಿನ ನೆಟ್ಟಗಿನ ನಿಲುವು, ಒಂದು ಬೆರಳು. ರಾತ್ರಿ ತಲೆ ತಡಕುವ ಒಂದು ಕೈ. ಮನೆಯೊಳಗೆ ಅಕ್ಕ ಎಂದು ಕರೆಯುತ್ತಿದ್ದ ಇಬ್ಬರಲ್ಲಿ ಒಬ್ಬಳು.